ಸದ್ದಿನ ಮನೆಯ ನಿದ್ದೆ

ನನ್ನ ಗಂಟಲಿನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ನೀವು ನಮ್ಮ ಮನೆಗೆ ಬಂದರೆ ಹೇಗೂ ಗೊತ್ತಾಗುವ ವಿಷಯ, ಮುಚ್ಚಿಟ್ಟು ಪ್ರಯೋಜನವಿಲ್ಲ. "ಬನ್ನಿ, ಕೂತ್ಕೊಳ್ಳಿ" ಎಂದು ನಾನು ಪ್ರೀತಿಯಿಂದಲೇ ಹೇಳಿರುತ್ತೇನೆ. ಬಂದವರು ಮಾತ್ರ ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ದಡಕ್ಕನೆ ಕೂತುಬಿಡುತ್ತಾರೆ. ಮೊನ್ನೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಸರದಿಗಾಗಿ ಕಾಯುತ್ತಾ, ಪಕ್ಕದಲ್ಲಿದ್ದ ಹೆಂಗಸಿನ ಕಿವಿಯ ಹತ್ತಿರ ಬಾಗಿ, "ಇವ್ರ ಕೈ ಸ್ವಲ್ಪ ಒರಟು ಕಣ್ರೀ" ಎಂದು ಗುಟ್ಟಾಗಿ ಹೇಳಿದೆ. ಒಳಗಿನ ಕೋಣೆಯಿಂದ ಡಾಕ್ಟರೇ ಉತ್ತರ ಕೊಟ್ಟರು: "ಈ ಸಲ ನಿಧಾನವಾಗಿ ಮಾಡ್ತೀನಿ ಬನ್ನಿ ಮೇಡಂ." ಕುರ್ಚಿಯ ಮೇಲೆ ಬಾಯಿ ತೆರೆದು ಮಲಗಿದ್ದಷ್ಟು ಹೊತ್ತೂ ನಾನು ಅವರ ಮುಖ ನೋಡಲಿಲ್ಲ.

ಗುಟ್ಟು ಹೇಳುವುದು ನನಗೆ ಬರುವುದಿಲ್ಲ, ಅಷ್ಟೆ. ಅದನ್ನು ಕಲಿಸುವ ಮನೆಯಲ್ಲಿ ನಾನು ಹುಟ್ಟಲಿಲ್ಲ. ಹುಟ್ಟಿದ್ದು ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ.

ಮಗ್ಗದ ಮನೆ ಎಂದರೆ ನೀವು ಮನೆಯ ಹಿಂದೆ ಎಲ್ಲೋ ಒಂದು ಶೆಡ್ಡು ಅಂದುಕೊಳ್ಳಬೇಡಿ. ನಡುಮನೆಯಲ್ಲೇ ಮಗ್ಗಗಳು. ಅವುಗಳಿಗೂ ಅಡಿಗೆಮನೆಗೂ ನಡುವೆ ಒಂದೇ ಗೋಡೆ, ಅದೂ ಎದೆಯೆತ್ತರದ್ದು. ಕರೆಂಟಿನ ಮಗ್ಗ ಓಡುವಾಗಿನ ಸದ್ದು ಕೇಳಿದವರಿಗೇ ಗೊತ್ತು. ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿದು ಬಡಿದು, ಲಟಪಟ ಲಟಪಟ ಅಂತ ಬೆಳಗಿನಿಂದ ಶುರುವಾದರೆ ತಟ್ಟೆ ಲೋಟ ಎಲ್ಲಾ ಜೊತೆಗೆ ಕುಣಿಯುತ್ತಿದ್ದವು. ಗೂಟಕ್ಕೆ ನೇತುಹಾಕಿದ ನನ್ನ ಸ್ಕೂಲ್ ಬ್ಯಾಗ್ ಕೂಡ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಚಾಪೆ ಹಾಸಿ ನೆಲದ ಮೇಲೆ ಮಲಗಿದರೆ ಬೆನ್ನಿಗೆ ಆ ನಡುಕ ತಾಗುತ್ತಿತ್ತು. ನಮಗೆ ಅದೇ ಜೋಗುಳ.

ಅಂಥ ಮನೆಯಲ್ಲಿ ಮಾತಾಡಬೇಕೆಂದರೆ ಎರಡೇ ದಾರಿ. ಒಂದು, ಗಂಟಲು ಹರಿಯುವ ಹಾಗೆ ಕೂಗುವುದು. ಇನ್ನೊಂದು, ಸದ್ದೇ ಮಾಡದೆ ತುಟಿ ಆಡಿಸುವುದು. ಅಪ್ಪ ಮಗ್ಗದ ಹತ್ತಿರ ನಿಂತಿರುತ್ತಿದ್ದರು. ಅಮ್ಮ ಮೂಲೆಯಲ್ಲಿ ಕೂತು ಲಾಳಿಗೆ ಬೇಕಾದ ನೂಲನ್ನು ಕಂಡಿಕೆಗೆ ಸುತ್ತುತ್ತಿದ್ದಳು. ಅಪ್ಪ ಅಲ್ಲಿಂದಲೇ ತುಟಿಯಲ್ಲಿ ಏನೋ ಅನ್ನುವರು, ಅಮ್ಮ ತಲೆ ಎತ್ತಿ ಅವರ ಬಾಯಿ ನೋಡಿ, ತಾನೂ ತುಟಿಯಲ್ಲೇ ಏನೋ ಅಂದು ಮೂತಿ ತಿರುಗಿಸುವಳು. ಅವರ ಜಗಳ, ರಾಜಿ, ನಾಳೆಯ ಸಾರಿಗೆ ಏನು ಅನ್ನುವ ಚರ್ಚೆ ಎಲ್ಲ ಹೀಗೇ ನಡೆಯುತ್ತಿದ್ದವು. ಮಕ್ಕಳಿಗೆ ಮಾತ್ರ ಕೂಗು. ನನಗೂ ನನ್ನ ತಮ್ಮ ರಮೇಶನಿಗೂ ಸಿಕ್ಕಿದ್ದು ಕೂಗಿನ ಪಾಲು. ತುಟಿ ಓದುವುದನ್ನು ನಾವೇ ಕದ್ದು ಕಲಿತೆವು.

ಕರೆಂಟು ಹೋದಾಗ ನಮ್ಮ ಬೀದಿಯ ಮಜಾ ನೋಡಬೇಕಿತ್ತು. ಎಲ್ಲ ಮನೆಯ ಮಗ್ಗಗಳೂ ಒಂದೇ ಸಲಕ್ಕೆ ನಿಂತುಬಿಡುತ್ತಿದ್ದವು. ಬೇರೆ ಊರಿನಲ್ಲಿ ಸದ್ದಾದರೆ ಮಗು ಏಳುತ್ತದೆ. ನಮ್ಮಲ್ಲಿ ಸದ್ದು ನಿಂತರೆ ಬೀದಿಯ ಕೂಸುಗಳೆಲ್ಲ ಒಟ್ಟಿಗೆ ಎದ್ದು ಕಿಟಾರನೆ ಅಳುತ್ತಿದ್ದವು. ಈ ಕಡೆ ತಾಯಂದಿರು ತೊಟ್ಟಿಲು ತೂಗುವುದೇನು, ಆ ಕಡೆ ಅಜ್ಜಿಯರು ಕರೆಂಟಿನವರಿಗೆ ಶಾಪ ಹಾಕುವುದೇನು! ಕರೆಂಟು ಬಂದು ಮಗ್ಗ ಹೊರಟ ಕೂಡಲೇ ಕೂಸುಗಳು ಅಳು ಅರ್ಧಕ್ಕೇ ಬಿಟ್ಟು ಮಲಗುತ್ತಿದ್ದವು.

ಇನ್ನೊಂದು ಅಪಾಯವಿತ್ತು. ಯಾರೋ ಏನನ್ನೋ ಕೂಗಿ ಹೇಳುತ್ತಿರುವಾಗ ನಡುವೆ ಕರೆಂಟು ಹೋದರೆ, ಮಾತಿನ ಬಾಲ ಇಡೀ ಬೀದಿಗೆ ಕೇಳಿಸುತ್ತಿತ್ತು. ಒಂದು ಸಲ ನಮ್ಮಪ್ಪನೇ ಸಿಕ್ಕಿಬಿದ್ದರು. ಮಗ್ಗದಿಂದ ಆಗತಾನೇ ಬಿಚ್ಚಿದ ಸೀರೆ ಅವರ ಕೈಯಲ್ಲಿತ್ತು, ಎಳೆ ಹಸಿರಿನದು. ಅಮ್ಮ ಕಂಡಿಕೆಯ ಮೇಲೆ ಕಣ್ಣಿಟ್ಟಿದ್ದರಿಂದ ತುಟಿಯಾಡಿಸಿ ಉಪಯೋಗವಿರಲಿಲ್ಲ. ಅಪ್ಪ ಜೀವಮಾನದಲ್ಲಿ ಹೆಂಡತಿಯನ್ನು ಹೊಗಳಿದವರಲ್ಲ, ಅವತ್ತು ಅದೇನು ತಿಳಿಯಿತೋ, ಸದ್ದಿನ ಧೈರ್ಯದ ಮೇಲೆ ಎದೆ ತುಂಬಿ ಕೂಗಿದರು. "ಲೇ" ಅನ್ನುವಷ್ಟರಲ್ಲಿ ಕರೆಂಟು ಹೋಯಿತು. ಮಿಕ್ಕಿದ್ದು ಊರಿಗೆ ಕೇಳಿಸಿತು: "ಈ ಸೀರೇಲಿ ನೀನು ಎಷ್ಟು ಚೆನ್ನಾಗ್ ಕಾಣ್ತೀಯ ಗೊತ್ತೇನೇ!"

ಅಪ್ಪ ಮಗ್ಗದ ಹಿಂದೆ ಬಚ್ಚಿಟ್ಟುಕೊಂಡರು. ಅಮ್ಮ ಎಷ್ಟೋ ದಿನ ಬೀದಿ ನಲ್ಲಿಗೆ ನೀರಿಗೆ ಹೋಗಲಿಲ್ಲ, ನನ್ನನ್ನೇ ಕಳಿಸುತ್ತಿದ್ದಳು. ನಲ್ಲಿಯ ಹತ್ತಿರ ಹೆಂಗಸರು, "ಎಲ್ಲೇ ನಿಮ್ಮಮ್ಮ, ಹಸಿರು ಸೀರೆ ಉಟ್ಕೊಂಡು ಕೂತವ್ಳಾ?" ಎಂದು ನಗುತ್ತಿದ್ದರು. ಆ ಸೀರೆಯನ್ನು ಮಾತ್ರ ಅಮ್ಮ ಮಾರಲು ಬಿಡಲಿಲ್ಲ.

ಇಂಥ ಮನೆಗೆ ನನ್ನನ್ನು ನೋಡಲು ಬಂದವರು ನೆಲಮಂಗಲದ ಒಬ್ಬ ಲೈಬ್ರೆರಿಯನ್. ಹೌದು, ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ. "ಶ್" ಎನ್ನುವುದಕ್ಕೇ ಸಂಬಳ ತೆಗೆದುಕೊಳ್ಳುವ ಮನುಷ್ಯ. ಅವರ ಮನೆಯವರೂ ಹಾಗೇ, ಹೂವು ಬಿದ್ದ ಹಾಗೆ ಮಾತು. ಗೌರವಕ್ಕೆಂದು ನಮ್ಮವರು ಅವತ್ತು ಮಗ್ಗ ನಿಲ್ಲಿಸಿದ್ದರು. ಗಂಟಲು ನಿಲ್ಲಿಸಲು ಯಾರಿಗೂ ಹೊಳೆಯಲಿಲ್ಲ. "ಕಾಫಿ ತಗೊಳ್ಳೀ!" ಎಂದು ಅಪ್ಪ ಉಪಚಾರ ಮಾಡಿದ ರಭಸಕ್ಕೆ ವರನ ತಂದೆಯ ಪಂಚೆಯ ಮೇಲೆ ಕಾಫಿ ಚೆಲ್ಲಿತು. ವಾಪಸ್ ಹೋಗುವಾಗ ಬಸ್ಸಿನಲ್ಲಿ ನಮ್ಮತ್ತೆ, "ಪಾಪ, ನಾವು ಹೋದಾಗ ಏನೋ ಜಗಳ ನಡೀತಿತ್ತು ಅನ್ಸುತ್ತೆ" ಎಂದರಂತೆ.

ಈ ಸಂಬಂಧ ಆದದ್ದು ಅಮ್ಮನಿಂದ. ನಡುವೆ ಒಮ್ಮೆ ವರ ತನ್ನ ಅಕ್ಕನ ಕಡೆ ತಿರುಗಿ, ತುಟಿ ಅಲುಗಿತೋ ಇಲ್ಲವೋ ಅನ್ನುವ ಹಾಗೆ, "ಹುಡುಗಿಗೆ ಓದೋದು ಇಷ್ಟಾನಾ?" ಎಂದು ಕೇಳಿದರು. ಪಕ್ಕದ ಅಕ್ಕನಿಗೇ ಕೇಳಿಸಲಿಲ್ಲ. ಆ ತುದಿಯಲ್ಲಿ, ಅಡಿಗೆಮನೆಯ ಗೋಡೆಗೆ ಒರಗಿ ನಿಂತಿದ್ದ ನಮ್ಮಮ್ಮ, "ಓದ್ತಾಳೆ, ಊಟ ಬಿಟ್ಟು ಓದ್ತಾಳೆ!" ಎಂದು ಕೂಗಿ ಉತ್ತರ ಕೊಟ್ಟಳು. ವರ ಕಣ್ಣು ಕಣ್ಣು ಬಿಟ್ಟರು. "ನನ್ನ ಮಾತು ಅಷ್ಟು ದೂರದಿಂದ ಕೇಳಿಸ್ಕೊಂಡವರು ಅದುವರೆಗೆ ಯಾರೂ ಇರ್ಲಿಲ್ಲ, ಅದಕ್ಕೇ ಒಪ್ಕೊಂಡೆ" ಎಂದು ಇವರು ಈಗಲೂ ಹೇಳುತ್ತಾರೆ. ನನ್ನನ್ನು ನೋಡಿ ಒಪ್ಪಿಕೊಂಡೆ ಅಂತ ಒಂದು ಸಲವಾದರೂ ಹೇಳಬಾರದೇ ಈ ಪುಣ್ಯಾತ್ಮ! ಅಂತೂ ಅಮ್ಮನಿಗೂ ಅಳಿಯನಿಗೂ ಅವತ್ತಿನಿಂದ ತುಟಿಯ ಭಾಷೆಯಲ್ಲೇ ಮಾತುಕತೆ. ಅಮ್ಮನ ಕಿವಿ ಮಂದವಾದ ಮೇಲೆ ನಾವೆಲ್ಲ ಕೂಗಿ ಕೂಗಿ ಸುಸ್ತಾದರೂ ಇವರಿಗೆ ಮಾತ್ರ ಏನೂ ಕಷ್ಟವಾಗಲಿಲ್ಲ.

ಮದುವೆಯಾಗಿ ಬಂದದ್ದು ನೆಲಮಂಗಲದ ಈ ಮನೆಗೆ, ತುಮಕೂರು ರಸ್ತೆಯ ಪಕ್ಕಕ್ಕೆ. ಆಗ ರಸ್ತೆಯಲ್ಲಿ ಗಾಡಿ ಬಂದರೆ ಎದ್ದು ನೋಡುತ್ತಿದ್ದೆವು. ಈಗ ಸುತ್ತ ಗೋಡೌನುಗಳು ಎದ್ದಿವೆ, ಲಾರಿಗಳ ಸಾಲು ಹಗಲೂ ರಾತ್ರಿಯೂ ಮುಗಿಯುವುದಿಲ್ಲ. ಭಾರ ಹೊತ್ತ ಲಾರಿ ಹೋದಾಗ ಕಿಟಕಿಯ ಸರಳು ಗುಂಯ್ ಅನ್ನುತ್ತದೆ, ತಟ್ಟೆ ಸ್ಟ್ಯಾಂಡಿನಲ್ಲಿ ಸ್ಟೀಲಿನ ತಟ್ಟೆಗಳು ಹಲ್ಲು ಕಡಿಯುತ್ತವೆ. ಮಗ್ಗದ ಮನೆಯವಳಿಗೆ ಇದೇನು ಮಹಾ ಎಂದು ನೀವು ಕೇಳಬಹುದು. ನಾನು ಶಾಲೆಯಲ್ಲಿ ಪಾಠ ಹೇಳುತ್ತಿದ್ದಷ್ಟು ವರ್ಷ ಅದು ನನಗೂ ಕೇಳಿಸಲಿಲ್ಲ. ನಿವೃತ್ತಿಯಾಗಿ ಮನೆಯಲ್ಲಿ ಕೂತ ಮೇಲೆ ಕೇಳಿಸಲು ಶುರುವಾಯಿತು.

ಅದಕ್ಕೆ ಒಂದು ಕಾರಣ ನನ್ನ ಮೊಬೈಲು. ನಿವೃತ್ತ ಶಿಕ್ಷಕಿಯರ ಗುಂಪಿನಲ್ಲಿ ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರದ ಜೊತೆಗೆ ಸುಖಜೀವನದ ಸೂತ್ರಗಳು ಬಂದು ಬೀಳುತ್ತವೆ. ಹಗುರವಾಗಿ ಉಣ್ಣಿ, ಕ್ಷಮಿಸಿ, ಆಸೆ ಕಮ್ಮಿ ಮಾಡಿ, ಮುಖ್ಯವಾಗಿ ನಿಶ್ಶಬ್ದವಾದ ಜಾಗದಲ್ಲಿ ಕೂತು ನಿಮ್ಮನ್ನು ನೀವು ಕಂಡುಕೊಳ್ಳಿ. ನಾನೂ ಕಂಡುಕೊಳ್ಳೋಣ ಅಂತ ಕಣ್ಣು ಮುಚ್ಚಿ ಕೂತೆ. ಹಾರನ್ ಹೊಡೆಯಿತು. ಮತ್ತೆ ಕೂತೆ. ಮತ್ತೆ ಹೊಡೆಯಿತು. ನನ್ನ ಸುಖಕ್ಕೆ ಅಡ್ಡವಾಗಿರುವುದು ಈ ರಸ್ತೆಯೇ ಎಂದು ನನಗೆ ಖಾತ್ರಿಯಾಗಿಬಿಟ್ಟಿತು. ಯಾರೋ ದೊಡ್ಡವರ ಕಾರುಗಳು ಹೋಗುವಾಗ ಪೊಲೀಸರು ಗಾಡಿಗಳನ್ನೆಲ್ಲ ತಡೆದು ನಿಲ್ಲಿಸುತ್ತಾರಲ್ಲ, ಡ್ರೈವರುಗಳು ಇಂಜಿನ್ ಆಫ್ ಮಾಡಿ ಬೀಡಿ ಹಚ್ಚುತ್ತಾರೆ, ರಸ್ತೆ ಸ್ತಬ್ಧವಾಗುತ್ತದೆ. ಆ ನಾಲ್ಕು ಗಳಿಗೆ ನನಗೆ ಹಬ್ಬ.

ಇವರ ಬೆನ್ನು ಬಿದ್ದೆ. ಈ ಮನೆ ಕೊಟ್ಟುಬಿಡೋಣ, ಎಲ್ಲಾದರೂ ದೂರ ಹೋಗೋಣ. ಬ್ರೋಕರ್ ಮುನಿರಾಜು ಕುಂದಾಣದ ಕಡೆ ಒಂದು ಮನೆ ತೋರಿಸಿದ. ಸುತ್ತ ರಾಗಿ ಹೊಲ, ಅಂಗಳದಲ್ಲಿ ಚಕ್ಕೋತದ ಗಿಡ, ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲ. ಇವರ ಮುಖವೂ ಅರಳಿತು. ಲೈಬ್ರೆರಿಯನ್ನರಿಗೆ ಇನ್ನೇನು ಬೇಕು? ಈ ಮನೆ ಕೊಳ್ಳುವವರೂ ಸಿಕ್ಕರು, ಲಾರಿಯ ಟೈರು ಅಂಗಡಿ ಮಾಡುತ್ತಾರಂತೆ. ಮಾಡಿಕೊಳ್ಳಲಿ ಬಿಡಿ, ಎಂದೆ. ಮಾತು ಮುಗಿಸುವುದೊಂದೇ ಬಾಕಿ.

ಅಷ್ಟರಲ್ಲಿ ರಮೇಶನ ಫೋನು ಬಂತು. "ಅಕ್ಕಾ, ಅಮ್ಮ ನಿದ್ದೇನೇ ಮಾಡ್ತಿಲ್ಲ ಕಣಕ್ಕಾ. ಊಟನೂ ಸೇರ್ತಿಲ್ಲ. ಹಿಂಗೇ ಆದ್ರೆ ಉಳಿಯಲ್ಲ ಅನ್ಸುತ್ತೆ, ಭಯ ಆಗ್ತೈತೆ."

ಅವನ ದನಿ ಸಣ್ಣದಾಗಿತ್ತು. ನಮ್ಮ ಮನೆಯವರ ದನಿ ಸಣ್ಣದಾದರೆ ವಿಷಯ ದೊಡ್ಡದು ಅಂತಲೇ ಅರ್ಥ. ಹೊರಟುಬಿಟ್ಟೆ.

ಕೆಲವು ತಿಂಗಳ ಹಿಂದೆ ರಮೇಶ ಮಗ್ಗಗಳನ್ನು ತೆಗೆದಿದ್ದ. ಮೊಣಕಾಲು ಸವೆದಿತ್ತು, ಕೆಲಸಕ್ಕೆ ಜನ ಸಿಗುತ್ತಿರಲಿಲ್ಲ, ಸೀರೆ ವ್ಯಾಪಾರ ಮಾತ್ರ ಸಾಕು ಎಂದು ನಿರ್ಧಾರ ಮಾಡಿದ್ದ. ಬೀದಿಯ ಉಳಿದವರು ಮೊದಲೇ ಊರಾಚೆ ಶೆಡ್ಡು ಹಾಕಿಕೊಂಡು ಹೋಗಿದ್ದರು, ಕೊನೆಗೆ ಉಳಿದದ್ದು ನಮ್ಮವೇ. ಈಗ ನಡುಮನೆಗೆ ಟೈಲ್ಸ್ ಹಾಕಿಸಿ, ಸೋಫಾ ಇಟ್ಟು ಚೆಂದ ಮಾಡಿದ್ದ. ಅಮ್ಮ ಆ ಸೋಫಾದ ತುದಿಯಲ್ಲಿ, ಯಾರದೋ ಮನೆಗೆ ಬಂದವಳ ಹಾಗೆ ಕೂತಿದ್ದಳು. ಕುಪ್ಪಸದ ತೋಳು ಜೋಲುಬಿದ್ದಿತ್ತು. ನನ್ನನ್ನು ನೋಡಿ, "ನಿದ್ದೆ ಎಲ್ಲೋ ಹೊಂಟೋಯ್ತು ಕಣೇ ಸರೋಜಿ. ಮನೇಲಿ ಯಾರೂ ಇಲ್ವೇನೋ ಅನ್ನಂಗೆ ಆಗುತ್ತೆ" ಎಂದಳು. ಮನೆಯಲ್ಲಿ ಎಲ್ಲರೂ ಇದ್ದರು.

ಎಲ್ಲರೂ ಇದ್ದರು, ಆದರೆ ಬೆಕ್ಕಿನ ಹೆಜ್ಜೆ ಇಟ್ಟುಕೊಂಡು. ಅಮ್ಮನಿಗೆ ನಿದ್ದೆ ಬರಲಿ ಎಂದು ರಮೇಶ ಟಿವಿ ಮುಚ್ಚಿದ್ದ, ಕರೆಗಂಟೆಯ ವೈರು ಕಿತ್ತಿದ್ದ. ಅವನ ಹೆಂಡತಿ ಗಿರಿಜಾ ಪಾಪದ ಹುಡುಗಿ, ಚಟ್ನಿ ರುಬ್ಬಲು ಮಿಕ್ಸಿ ಹೊತ್ತುಕೊಂಡು ಪಕ್ಕದ ಮನೆಗೆ ಹೋಗುತ್ತಿದ್ದಳು. "ಅತ್ತಿಗೆ, ಒಂದು ಲೋಟ ಬಿದ್ರೂ ನಂಗೆ ಎದೆ ಹೊಡ್ಕೊಳ್ಳುತ್ತೆ" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಡಾಕ್ಟರು ಕೊಟ್ಟ ಮಾತ್ರೆಗೆ ಅಮ್ಮ ತೂರಾಡಿ ಬೀಳುವುದರಲ್ಲಿದ್ದಳಂತೆ, ಅದನ್ನೂ ನಿಲ್ಲಿಸಿದ್ದರು. ತೀರಿಕೊಂಡ ಅಪ್ಪನನ್ನು ನೆನೆದು ಕೊರಗುತ್ತಿದ್ದಾಳೆ ಎಂದು ರಮೇಶ ಹೇಳಿದ. ಮಗ್ಗ ಹೋದ ಸಂಕಟ ಎಂದು ಗಿರಿಜಾ ಹೇಳಿದಳು. ವಯಸ್ಸು ಎಂದು ನಾನು ಹೇಳಿದೆ. ಸ್ವಲ್ಪ ದಿನ ಜಾಗ ಬದಲಾದರೆ ಸರಿಹೋದೀತು ಎಂದು ನೆಲಮಂಗಲಕ್ಕೆ ಕರೆದುಕೊಂಡು ಬಂದೆ.

ನಮ್ಮ ಮನೆಯಲ್ಲೂ ಅದೇ ಸೇವೆ. ರಸ್ತೆಯಿಂದ ದೂರವಿರುವ ಹಿಂದಿನ ಕೋಣೆ, ದಪ್ಪ ಹಾಸಿಗೆ, ಕಿಟಕಿಗೆ ಬೆಡ್‌ಶೀಟಿನ ಪರದೆ, ಸಾಲದ್ದಕ್ಕೆ ಅಮ್ಮನ ಕಿವಿಗೆ ಹತ್ತಿ. ಇವರಂತೂ ಪುಸ್ತಕದ ಹಾಳೆ ತಿರುಗಿಸುವುದಕ್ಕೂ ಹೆದರಿದರು. ನಾನು ಬಾಯಿಗೆ ಬೀಗ ಹಾಕಿಕೊಂಡೆ, ನನ್ನಂಥವಳಿಗೆ ಅದು ಉಪವಾಸಕ್ಕಿಂತ ಕಷ್ಟ. ಬೆಳಿಗ್ಗೆ ಹೋಗಿ ನೋಡಿದರೆ ಅಮ್ಮ ಹಾಸಿಗೆಯ ಮೇಲೆ ಕಣ್ಣು ತೆರೆದುಕೊಂಡು, ಸೂರು ನೋಡುತ್ತಾ ಮಲಗಿರುತ್ತಿದ್ದಳು. "ಹಿಂಗೇ ಹೊಂಟೋಗ್ಬಿಡ್ತೀನೇನೋ" ಎಂದಳು ಒಂದು ದಿನ. ನಾನು ಅಡಿಗೆಮನೆಗೆ ಬಂದು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಜೋರಾಗಿ ಅಳುವ ಹಾಗೂ ಇರಲಿಲ್ಲವಲ್ಲ.

ಇಷ್ಟರ ನಡುವೆ ಮನೆಯಲ್ಲಿ ಸಾರಿನ ಪುಡಿ ಮುಗಿದಿತ್ತು. ಕೊಂಡ ಪುಡಿ ಇವರಿಗೆ ಸೇರುವುದಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಬಾಣಲೆ ಇಟ್ಟು ಮೆಣಸಿನಕಾಯಿ ಹುರಿಯಲು ನಿಂತೆ. ಅಡಿಗೆಮನೆಯೂ ಹಿಂದೆ, ಅಮ್ಮನ ಕೋಣೆಯೂ ಹಿಂದೆ, ಕಿಟಕಿಗಳೋ ಎಲ್ಲ ಭದ್ರ. ನನ್ನ ಬುದ್ಧಿಗಿಷ್ಟು! ಮೆಣಸಿನಕಾಯಿ ಒಂದಿಷ್ಟು ಸೀದು ಘಾಟು ಎದ್ದಿತು ನೋಡಿ, ಅಮ್ಮ ಕೆಮ್ಮುತ್ತಾ, ಇವರು ಸೀನುತ್ತಾ, ನಾನು ಕಣ್ಣು ಮೂಗು ಒರೆಸಿಕೊಳ್ಳುತ್ತಾ ಮೂರು ಜನವೂ ಮುಂದಿನ ಹಾಲಿಗೆ ಓಡಿ ಬಂದೆವು. ಇವರು ರಸ್ತೆಯ ಕಡೆಯ ಕಿಟಕಿ ಬಾಗಿಲು ಎಲ್ಲ ತೆರೆದರು. ಲಾರಿಗಳ ಸದ್ದು ಒಳಗೆ ನುಗ್ಗಿತು. ಕಿವಿಯ ಹತ್ತಿ ಕಿತ್ತು ಬಿಸಾಕಿ, ಕೆಮ್ಮಿ ಸುಸ್ತಾದ ಅಮ್ಮ ಗೋಡೆ ಪಕ್ಕದ ಮರದ ಮಂಚದ ಮೇಲೆ ಉರುಳಿಕೊಂಡಳು. ನಾನು ಒಲೆ ಆರಿಸಿ ಬರಲು ಒಳಗೆ ಹೋದೆ.

ವಾಪಸ್ ಬಂದಾಗ ಅಮ್ಮ ಅಲುಗಾಡುತ್ತಿರಲಿಲ್ಲ. "ರೀ, ಅಮ್ಮನಿಗೇನೋ ಆಗಿದೆ, ಬನ್ರೀ!" ಎಂದು ಕಿರುಚಿದೆ. ಇವರು ಬಾಗಿ ನೋಡಿ, ನನ್ನ ಕಡೆ ತಿರುಗಿ, ತುಟಿಯಲ್ಲೇ ಹೇಳಿದರು: "ನಿದ್ದೆ."

ನಿಜವಾಗಿಯೂ ನಿದ್ದೆ. ಬಾಯಿ ಅರ್ಧ ತೆರೆದುಕೊಂಡು, ಗೊರಕೆ ಹೊಡೆಯುತ್ತಾ. ಒಂದು ಅಂಗೈಯನ್ನು ಗೋಡೆಗೆ ಚಪ್ಪಟೆಯಾಗಿ ಒತ್ತಿಕೊಂಡಿದ್ದಳು. ಭಾರದ ಲಾರಿಯೊಂದು ಹೋಯಿತು. ಗೋಡೆ ನಡುಗಿತು, ಮಂಚ ನಡುಗಿತು, ಒಳಗೆ ತಟ್ಟೆಗಳು ಲಟಪಟ ಅಂದವು, ಅಮ್ಮನ ಗೊರಕೆ ಇನ್ನೂ ಒಂದು ಸುತ್ತು ಗಟ್ಟಿಯಾಯಿತು. ಆಗ ನನಗೆ ನಮ್ಮ ಬೀದಿಯ ಕೂಸುಗಳು ನೆನಪಾದವು. ಅಯ್ಯೋ ದೇವರೇ, ಮಕ್ಕಳೆಲ್ಲ ಸೇರಿ ಇವಳಿಗೆ ತಿಂಗಳುಗಟ್ಟಲೆ ಕರೆಂಟು ತೆಗೆದು ಕೂರಿಸಿದ್ದೆವಲ್ಲ!

ನಾನು ನಕ್ಕೆನೋ ಅತ್ತೆನೋ ಗೊತ್ತಿಲ್ಲ. ಮೆಣಸಿನಕಾಯಿಯ ಘಾಟಿನಲ್ಲಿ ಎರಡಕ್ಕೂ ಒಂದೇ ನೀರು. ಆದರೆ ಸುಳ್ಳು ಯಾಕೆ ಹೇಳಲಿ, ಅಮ್ಮನ ನಿದ್ದೆ ನೋಡಿ ಸಂತೋಷಪಟ್ಟ ಮರುಗಳಿಗೆಯಲ್ಲೇ, ಹಾಗಾದರೆ ನನ್ನ ಕುಂದಾಣ? ಎಂದು ಮನಸ್ಸು ಕೇಳಿತು. ಚಕ್ಕೋತದ ಗಿಡ ಕಣ್ಣ ಮುಂದೆ ಬಂತು. ಈ ಮನೆ ಟೈರಿನವರಿಗೆ ಕೊಟ್ಟರೆ ಅಮ್ಮ ಇನ್ನೆಲ್ಲಿ ಮಲಗುತ್ತಾಳೆ? ಕೊಡದಿದ್ದರೆ ನಾನು ನನ್ನನ್ನು ಯಾವಾಗ ಕಂಡುಕೊಳ್ಳುವುದು?

ಸರಿಯಾಗಿ ಆಗಲೇ ಮುನಿರಾಜುವಿನ ಫೋನು. ಒಳಗೆ ಮಾತಾಡಿದರೆ ನನ್ನ ಗಂಟಲಿಗೆ ಅಮ್ಮ ಎದ್ದಾಳು ಎಂದು ಗೇಟಿನ ಹತ್ತಿರ ಹೋದೆ. "ಏನ್ ಮೇಡಂ, ಇವತ್ತು ಮುಗಿಸ್ಬಿಡಣ್ವಾ? ಕುಂದಾಣದ ಮನೆಗೆ ಬೇರೆ ಪಾರ್ಟಿ ಬಂದವ್ರೆ" ಎನ್ನುತ್ತಿದ್ದ. ಅರ್ಧ ಮಾತು ಲಾರಿಗಳ ಪಾಲಾಗುತ್ತಿತ್ತು. "ಒಂದ್ ನಿಮಿಷ ಇರಪ್ಪಾ" ಎಂದು ಕೂಗಿ, ಇವರ ಕಡೆ ತಿರುಗಿದೆ. ಇವರು ಬಾಗಿಲಲ್ಲಿ ನಿಂತು ತುಟಿಯಲ್ಲಿ ಏನೋ ಹೇಳುತ್ತಿದ್ದರು. ನನ್ನ ಕಣ್ಣಿನಲ್ಲಿ ಬುಳಬುಳನೆ ನೀರು, ತುಟಿ ಅಲುಗುವುದು ಮಸುಕಾಗಿ ಕಂಡರೂ ಮಾತು ಓದಲಾಗಲಿಲ್ಲ.

"ಏನಂದ್ರೀ? ಕಾಣಿಸ್ತಿಲ್ಲಾ!" ಎಂದೆ.

ಮತ್ತೆ ತುಟಿಯಾಡಿಸಿದರು.

"ಜೋರಾಗ್ ಹೇಳ್ರೀ! ಜನ್ಮದಲ್ಲಿ ಒಂದ್ಸಲನಾದ್ರೂ ಜೋರಾಗ್ ಹೇಳಿ!"

ಇವರು ಎರಡು ಕೈಗಳನ್ನೂ ಬಾಯಿಯ ಪಕ್ಕ ಇಟ್ಟುಕೊಂಡು ಉಸಿರು ಎಳೆದುಕೊಂಡರು. ಅದೇ ಹೊತ್ತಿಗೆ ಮುಂದೆ ಎಲ್ಲೋ ಪೊಲೀಸರು ಯಾವ ದೊಡ್ಡವರಿಗಾಗಿ ರಸ್ತೆ ತಡೆದರೋ, ಲಾರಿಗಳು ಒಂದರ ಹಿಂದೆ ಒಂದು ನಿಂತವು. ಇಂಜಿನ್‌ಗಳು ಆಫ್ ಆದವು. ರಸ್ತೆ ಸ್ತಬ್ಧವಾಯಿತು. ಆ ಮೌನದಲ್ಲಿ ನನ್ನ ಲೈಬ್ರೆರಿಯನ್ ಗಂಡ ಎದೆ ತುಂಬಿ ಕೂಗಿದ್ದು ಎದುರಿನ ಹೋಟೆಲಿಗೂ, ಪಂಚರ್ ಅಂಗಡಿಗೂ, ಸಾಲಿನಲ್ಲಿದ್ದ ಡ್ರೈವರುಗಳಿಗೂ ಕೇಳಿಸಿತು:

"ಮನೆ ಕೊಡೋದ್ ಬೇಡ ಕಣೇ! ಅತ್ತೆ ಇಲ್ಲೇ ಮಲಗ್ಲಿ!"

ಹೋಟೆಲಿನವನು ಲೋಟ ಹಿಡಿದ ಕೈಯಲ್ಲೇ ಹೊರಗೆ ಬಂದು ನೋಡಿದ. ಲಾರಿಯ ಮೇಲಿನಿಂದ ಯಾರೋ ಶಿಳ್ಳೆ ಹೊಡೆದರು. ಇವರು ನಮ್ಮಪ್ಪ ಅವತ್ತು ಮಗ್ಗದ ಹಿಂದೆ ಬಚ್ಚಿಟ್ಟುಕೊಂಡ ಹಾಗೆ, ಬಾಗಿಲ ಹಿಂದೆ ಸರಿದರು. ನನ್ನ ಕೈಯಲ್ಲಿದ್ದ ಫೋನು, "ಸಾರ್ ಹೇಳಿದ್ದು ಕೇಳಿಸ್ತು ಬಿಡಿ ಮೇಡಂ" ಎಂದು ತಾನಾಗಿಯೇ ಬಂದ್ ಆಯಿತು.

ಚಕ್ಕೋತದ ಗಿಡ ಹೋಯಿತಲ್ಲ ಎಂದು ಒಂದು ಗಳಿಗೆ ಬೇಜಾರಾದದ್ದು ನಿಜ. ಆದರೆ ನಾನು ಕಾಯುತ್ತಿದ್ದ ಆ ಮೌನ ಅಲ್ಲೇ, ನನ್ನ ಗೇಟಿನ ಮುಂದೆ ಬಿದ್ದುಕೊಂಡಿದ್ದರೂ ನನಗೆ ಅದು ಹಬ್ಬ ಅನ್ನಿಸಲಿಲ್ಲ. ಯಾವಾಗ ಮುಗಿಯುತ್ತದೋ ಎಂದು ರಸ್ತೆ ನೋಡುತ್ತಾ ನಿಂತೆ.

ಕಿಟಕಿಯಿಂದ ಅಮ್ಮನ ನಿದ್ದೆಗಣ್ಣಿನ ದನಿ ಕೇಳಿಸಿತು. "ಸರೋಜೀ, ಕರೆಂಟ್ ಹೋಯ್ತೇನೇ?"

ಕಣ್ಣೊರೆಸಿಕೊಂಡು ಕಿಟಕಿಯೊಳಗೆ ನೋಡಿದೆ. ಅವಳ ನೆತ್ತಿಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು.

"ಈಗ ಬಂದ್ಬಿಡುತ್ತೆ ಅಮ್ಮಾ, ಮಲ್ಕೋ!" ಎಂದು ನನ್ನ ಹುಟ್ಟಿದ ಮನೆಯ ಗಂಟಲಿನಲ್ಲಿ ಕೂಗಿದೆ.

ಮುಂದಿನ ಲಾರಿ ಗುರ್ ಎಂದಿತು, ಅದರ ಹಿಂದಿನದೂ ಅಂದಿತು. ಸರಳುಗಳು ಗುಂಯ್ ಅಂದವು, ತಟ್ಟೆಗಳು ಶುರು ಮಾಡಿದವು.

"ಹಾಂ, ಬಂತು" ಎಂದು ಅಮ್ಮ ಗೋಡೆಯ ಕಡೆ ಮಗ್ಗುಲಾದಳು.